ಕಟ್ಟೆಯ ಮೇಲಿನ ಹುಲಿ-ಕುರಿ ಗೆರೆಗಳ ಮೇಲೆ ಗ್ರಾನೈಟ್ ಹಾಕಬಹುದೇ?

ಪ್ರಶ್ನೆ: ನಮ್ಮದು ಗಂಗಾವತಿ ತಾಲೂಕಿನ ಒಂದು ಹಳ್ಳಿ. ಊರ ಹನುಮಪ್ಪನ ಗುಡಿಯ ಮುಂದೆ ಹಳೆಯ ಕಲ್ಲಿನ ಕಟ್ಟೆ ಇದೆ. ಅದರ ಮೇಲೆ ಹುಲಿ-ಕುರಿ ಆಟದ ಮನೆ ಕೊರೆದಿದೆ. ನಮ್ಮ ಮಾವನವರೂ ಅವರ ಸರೀಕರೂ ಮಧ್ಯಾಹ್ನ ಅಲ್ಲೇ ಕುಳಿತು ಆಡುತ್ತಾರೆ. ಈಗ ಗುಡಿಯ ಜೀರ್ಣೋದ್ಧಾರ ನಡೆದಿದೆ, ಕಟ್ಟೆಗೆ ಗ್ರಾನೈಟ್ ಹಾಕಿಸಲು ಸಮಿತಿಯವರು ತೀರ್ಮಾನಿಸಿದ್ದಾರೆ. ಗೆರೆಗಳಿರುವ ಒಂದು ಚಪ್ಪಡಿಯನ್ನಾದರೂ ಹಾಗೆಯೇ ಬಿಡಿ ಎಂದು ನಾನು ಕೇಳಿಕೊಂಡೆ. "ಅದೇನು ಶಾಸನವೇ? ಬರೀ ಆಟದ ಗೆರೆ" ಎಂದು ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ. ಹೊತ್ತು ಕಳೆಯುವುದನ್ನು ಬಿಟ್ಟರೆ ಇಂಥ ಆಟಗಳಿಗೆ ಬೇರೆ ಅರ್ಥವಿದೆಯೇ? ಅಥವಾ ಇಲ್ಲದ್ದನ್ನು ನಾನೇ ಅವುಗಳ ಮೇಲೆ ಹೊರಿಸುತ್ತಿದ್ದೇನೆಯೇ?

ಉತ್ತರ: ತಂಗಿ, ನೀವು ಇಲ್ಲದ್ದನ್ನು ಹೊರಿಸುತ್ತಿಲ್ಲ. ಸಮಿತಿಯವರು ಇನ್ನೊಮ್ಮೆ "ಅದೇನು ಶಾಸನವೇ" ಎಂದರೆ ಅವರಿಗೆ ನಿಮ್ಮ ಜಿಲ್ಲೆಯ ಶಾಸನಗಳನ್ನೇ ನೆನಪಿಸಿ. ಕೊಪ್ಪಳದ ಗವಿಮಠದ ಬಂಡೆ ಮತ್ತು ಪಾಲ್ಕಿಗುಂಡಿನಲ್ಲಿ, ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನಗಳಿವೆ. ಅವುಗಳ ಲಿಪಿ ಜನರಿಗೆ ಮರೆತುಹೋಗಿತ್ತು, ಎರಡು ಸಾವಿರ ವರ್ಷ ಕಳೆದ ಮೇಲೆ ವಿದ್ವಾಂಸರು ಬಂದು ಓದಿ ಹೇಳಬೇಕಾಯಿತು. ನಿಮ್ಮ ಕಟ್ಟೆಯ ಗೆರೆಗಳನ್ನು ನಿಮ್ಮ ಮಾವನವರು ಇವತ್ತು ಮಧ್ಯಾಹ್ನವೂ ಓದಿದ್ದಾರೆ. ಕಲ್ಲಿನ ಮೇಲಿನ ಬರಹವೂ ಅದನ್ನು ಓದಬಲ್ಲವರೂ ಒಟ್ಟಿಗೆ ಉಳಿದಿರುವುದು ಅಪರೂಪ. ಅದನ್ನು ಹೊಳಪು ಕಲ್ಲಿನ ಅಡಿಯಲ್ಲಿ ಹೂತುಹಾಕುವುದು ತಪ್ಪು ಎಂದೇ ನಾನು ಹೇಳುತ್ತೇನೆ.

"ಬರೀ ಆಟ" ಎಂಬ ಮಾತಿನಲ್ಲಿ ನನಗೆ ತಡೆಯುವುದು ಆ "ಬರೀ". ಕನ್ನಡದಲ್ಲಿ "ಆಡು" ಎಂಬ ಒಂದು ಧಾತು ಎಷ್ಟು ಕೆಲಸ ಮಾಡುತ್ತದೆ ನೋಡಿ. ಮಗು ಆಡುತ್ತದೆ, ದೊಡ್ಡವರು ಮಾತಾಡುತ್ತಾರೆ, ಗಾಳಿ ಆಡುತ್ತದೆ, ಉಸಿರು ಆಡುತ್ತದೆ. ಜೊತೆಗಿದ್ದು ಬಾಳುವುದಕ್ಕೆ ಒಡನಾಟ ಎನ್ನುತ್ತೇವೆ, ಹಕ್ಕುಗಳಿಗಾಗಿ ಬೀದಿಗಿಳಿಯುವುದಕ್ಕೆ ಹೋರಾಟ ಎನ್ನುತ್ತೇವೆ. ನಮ್ಮ ಭಾಗದ ಹಳ್ಳಿಯಲ್ಲಿ "ರಾತ್ರಿ ಆಟ ಇದೆ" ಎಂದರೆ ಬಯಲಾಟ ಇದೆ ಎಂದೇ ಅರ್ಥ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದೂ ಒಂದು ಆಟಕ್ಕೇ, ತೊಗಲುಬೊಂಬೆಯಾಟಕ್ಕೆ. ಇಷ್ಟೆಲ್ಲವನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟ ಜನ ಆಟವನ್ನು ಹಗುರವಾಗಿ ಕಂಡಿರಲಾರರು.

ಗೆರೆ ಎಷ್ಟು ಹಳೆಯದು ಎಂದು ಸಮಿತಿಯವರು ಕೇಳಿಯೇ ಕೇಳುತ್ತಾರೆ. ಗುಡಿಯಷ್ಟೇ ಹಳೆಯದು ಎಂದು ದಯವಿಟ್ಟು ಹೇಳಬೇಡಿ. ಹಂಪಿಯ ಗುಡಿ, ಮಂಟಪಗಳ ನೆಲಹಾಸಿನಲ್ಲಿ ಇಂಥ ಆಟದ ಮನೆಗಳು ಬಹಳ ಇವೆ. ಹುಲಿ-ಕುರಿಯ ತ್ರಿಕೋನ, ಚೌಕದೊಳಗೆ ಚೌಕ, ಸಾಲು ಸಾಲು ಗುಳಿಗಳು ಎಲ್ಲವೂ ಸಿಗುತ್ತವೆ. ಅವನ್ನು ಕಲ್ಲುಕುಟಿಗರೇ ಕೊರೆದಿರಬಹುದು, ಕಾವಲುಗಾರರು ಕೊರೆದಿರಬಹುದು, ಪಟ್ಟಣ ಹಾಳುಬಿದ್ದ ಮೇಲೆ ನೆರಳಿಗೆ ಬಂದ ದನಗಾಹಿಗಳೂ ಕೊರೆದಿರಬಹುದು. ಗೆರೆಯ ಒಂದು ತುದಿ ಕಂಬದ ಅಡಿಗೆ ಹೋಗಿದ್ದರೆ ಮಾತ್ರ ಆ ಕಂಬ ನಿಲ್ಲುವ ಮೊದಲೇ ಅದನ್ನು ಕೊರೆದರು ಎಂದು ಧೈರ್ಯವಾಗಿ ಹೇಳಬಹುದು. ನಿಮ್ಮ ಕಟ್ಟೆಯಲ್ಲಿ ಗೆರೆ ಪಕ್ಕದ ಚಪ್ಪಡಿಗೂ ದಾಟಿದೆಯೇ, ಅಂಚಿನಲ್ಲಿ ತುಂಡಾಗಿದೆಯೇ ಎಂದು ನೋಡಿ. ತುಂಡಾಗಿದ್ದರೆ ಆ ಚಪ್ಪಡಿ ಬೇರೆಲ್ಲಿಂದಲೋ ಬಂದದ್ದಿರಬಹುದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯಲ್ಲಿ ಅರಸನ ಎದುರು ಜಟ್ಟಿಗಳು ಹಲ್ಲು ಮುರಿಯುವಂತೆ ಹೊಡೆದಾಡಿದ್ದನ್ನು ಬರೆದಿಟ್ಟಿದ್ದಾನೆ. ಅದು ಅರಮನೆಯ ಆಟ. ಬಿಸಿಲಿಳಿಯಲೆಂದು ಮಂಟಪದಲ್ಲಿ ಕುಳಿತ ಜನ ತಮ್ಮ ಆಟವನ್ನು ತಾವೇ ಕಲ್ಲಿನಲ್ಲಿ ಬರೆದುಕೊಂಡರು.

ಇನ್ನು ನಿಮ್ಮ ಹುಲಿ-ಕುರಿಗೆ ಬರುತ್ತೇನೆ. ಈ ಆಟದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಇದರ ಅರ್ಥ ಅಡಗಿರುವುದು ಇದರ ನಿಯಮದಲ್ಲಿ.

ಸಾಮಾನ್ಯವಾಗಿ ಕಾಣುವ ಮನೆಯಲ್ಲಿ ಗೆರೆಗಳು ಕೂಡುವ ಸ್ಥಾನಗಳು 23. ಹುಲಿ 3, ಕುರಿ 15. ಹುಲಿಗಳು ಮೊದಲೇ ತ್ರಿಕೋನದ ನೆತ್ತಿಯ ಬಳಿ ಕುಳಿತಿರುತ್ತವೆ. ಕುರಿಗಳು ಒಂದೊಂದಾಗಿ ಹೊರಗಿನಿಂದ ಬರಬೇಕು. ಹದಿನೈದೂ ಇಳಿಯುವ ತನಕ ಇಟ್ಟ ಕುರಿಯನ್ನು ಕದಲಿಸುವಂತಿಲ್ಲ, ಹುಲಿ ಮಾತ್ರ ಮೊದಲ ಕುರಿ ಇಟ್ಟ ಕ್ಷಣದಿಂದಲೇ ಓಡಾಡುತ್ತಿರುತ್ತದೆ. ಪಕ್ಕದ ಕುರಿಯ ಬೆನ್ನ ಹಿಂದೆ ನೇರ ಗೆರೆಯಲ್ಲಿ ಜಾಗ ಖಾಲಿ ಇದ್ದರೆ ಹುಲಿ ಅದರ ಮೇಲೆ ಹಾರಿ ತಿನ್ನುತ್ತದೆ. ಕುರಿಗೆ ಹುಲಿಯನ್ನು ಕೊಲ್ಲುವ ದಾರಿಯೇ ಇಲ್ಲ. ಆದರೂ ಕುರಿ ಗೆಲ್ಲಬಹುದು. ಮೂರೂ ಹುಲಿಗಳಿಗೆ ಅಲುಗಾಡಲು ಜಾಗವಿಲ್ಲದಂತೆ ಮಾಡಿದರೆ ಹುಲಿಯನ್ನು ಕಟ್ಟಿದಂತೆ.

ಎರಡೂ ಕಡೆಯವರ ಬಲ ಇಲ್ಲಿ ಸಮನಿಲ್ಲ. ಚದುರಂಗದಲ್ಲಿ ಎರಡೂ ಪಡೆಗಳಿಗೆ ಒಂದೇ ಸಂಖ್ಯೆಯ ಕಾಯಿ, ಒಂದೇ ಬಗೆಯ ನಡೆ. ಇಲ್ಲಿ ಒಬ್ಬನಿಗೆ ಹಾರುವ ಶಕ್ತಿ, ಇನ್ನೊಬ್ಬನಿಗೆ ಸಂಖ್ಯೆ ಮತ್ತು ತಾಳ್ಮೆ. ಒಂಟಿ ಕುರಿಯನ್ನು ಹುಲಿ ತಿನ್ನುತ್ತದೆ, ಬೆನ್ನಿಗೆ ಇನ್ನೊಂದು ಕುರಿ ಇದ್ದರೆ ತಿನ್ನಲಾರದು. ಒಗ್ಗಟ್ಟಿನ ಬಗ್ಗೆ ಯಾರೂ ಉಪದೇಶ ಮಾಡಬೇಕಿಲ್ಲ, ಎರಡು ಕುರಿ ಕಳೆದುಕೊಂಡ ಹುಡುಗ ಮೂರನೆಯದನ್ನು ಇಡುವಾಗ ತಾನಾಗಿಯೇ ಅದರ ಬೆನ್ನು ನೋಡುತ್ತಾನೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ವರ್ಷ ಕಾಡಿದೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಯಲಿನಲ್ಲಿ ಕುರಿ ಕಾಯುವವರ ನಿಜವಾದ ಶತ್ರು ತೋಳ. ನಿಮ್ಮದೇ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮ ಇದೆ. ಹಾಗಿದ್ದೂ ಆಟದಲ್ಲಿ ತೋಳ ಯಾಕೆ ಬರಲಿಲ್ಲ? ತೋಳ ಕುರಿಗಾಹಿಯ ದಿನನಿತ್ಯದ ಲೆಕ್ಕಕ್ಕೆ ಸೇರಿದ ಪ್ರಾಣಿ. ಅದಕ್ಕೆ ನಾಯಿ ಇದೆ, ಕೋಲು ಇದೆ, ರಾತ್ರಿಯಿಡೀ ಎಚ್ಚರವಿರುವ ಕಣ್ಣುಗಳಿವೆ. ಹುಲಿ ನಮ್ಮ ಜನರ ಕಲ್ಪನೆಯಲ್ಲಿ ಬೇರೆಯೇ ಎತ್ತರದ್ದು. ಅದು ದೇವಿಯ ವಾಹನ, ಅರಸನ ಹೋಲಿಕೆ, ಹುಲಿಗಿಯ ಹುಲಿಗೆಮ್ಮನ ಹೆಸರಿನಲ್ಲೇ ಕುಳಿತಿದೆ. ಹಾಗಾಗಿ ಆ ಕಲ್ಲಿನ ಮೇಲೆ ಕುರಿಗಳು ಎದುರಿಸುವುದು ಹಸಿದ ಪ್ರಾಣಿಯನ್ನಲ್ಲ, ಅಧಿಕಾರವನ್ನು ಎಂದು ನಾನು ನಂಬುತ್ತೇನೆ.

ಹಾಗೆಂದು ಇದು ಬಡವರ ಬಂಡಾಯದ ಆಟ ಎಂದು ಬರೆದುಬಿಡುವವರ ಜೊತೆ ನಾನು ಹೋಗಲಾರೆ. ಒಂದು ಆಟ ಮುಗಿದ ಮೇಲೆ ಇಬ್ಬರೂ ಪಕ್ಷ ಬದಲಿಸುತ್ತಾರೆ. ಈಗ ಕುರಿಯಾಗಿದ್ದವನು ಮುಂದಿನ ಆಟದಲ್ಲಿ ಹುಲಿ, ಅವನೂ ಅಷ್ಟೇ ಹಸಿವಿನಿಂದ ಹಾರುತ್ತಾನೆ. ದುರ್ಬಲನ ಬುದ್ಧಿ ಹೇಗೆ ನಡೆಯುತ್ತದೆ, ಬಲಶಾಲಿಯ ಅಹಂಕಾರ ಎಲ್ಲಿ ಎಡವುತ್ತದೆ ಎಂಬ ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ಒಬ್ಬನೇ ಮನುಷ್ಯ ಅನುಭವಿಸುವುದು ಇಲ್ಲಿನ ನಿಜವಾದ ಬೆರಗು. ಊರಿನ ಬಾಳಿನಲ್ಲಿ ಹಾಗೆ ಪಕ್ಷ ಬದಲಿಸುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ?

ಸಾಮಾಜಿಕ ಅರ್ಥ ಶುರುವಾಗುವುದು ಇಲ್ಲಿಂದ. ನೆದರ್ಲೆಂಡ್ಸಿನ ಇತಿಹಾಸಕಾರ ಯೋಹಾನ್ ಹೊಯ್ಜಿಂಗ 1938ರಲ್ಲಿ, ಆಟವೆಂದರೆ ದಿನದ ಬದುಕಿನ ನಡುವೆ ಗೆರೆ ಎಳೆದು ಬೇರೆಯಾಗಿಟ್ಟ ಒಂದು ಜಾಗ, ಒಂದಿಷ್ಟು ಹೊತ್ತು, ಅಲ್ಲಿ ಬೇರೆಯದೇ ನಿಯಮ ಎಂದು ವಾದಿಸಿದ. ಮೋಸ ಮಾಡುವವನನ್ನು ಸಹಿಸುವ ಆಟಗಾರರು ಆಟ ಕೆಡಿಸುವವನನ್ನು ಸಹಿಸುವುದಿಲ್ಲ ಎಂದೂ ಅವನು ಗಮನಿಸಿದ್ದ. ಕದ್ದು ಕಾಯಿ ಸರಿಸುವವನಿಗೂ ನಿಯಮದ ಹೆದರಿಕೆ ಇರುತ್ತದೆ. ಮನೆಯನ್ನೇ ಅಳಿಸಿ ಎದ್ದು ಹೋಗುವವನು ನಿಯಮವನ್ನೇ ಇಲ್ಲವೆನ್ನುತ್ತಾನೆ. ನಮ್ಮ ಮಕ್ಕಳು "ಆಟ ಕೆಡಿಸಬೇಡ" ಎಂದು ಕೂಗುವಾಗಿನ ಸಿಟ್ಟಿನಲ್ಲಿ ಈ ಅರಿವು ಪೂರ್ತಿಯಾಗಿ ಇದೆ.

ಕಟ್ಟೆಯ ಮೇಲೆ ಆ ಬೇರೆ ನಿಯಮ ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಲುವೆ ನೀರಿನ ಹತ್ತೆಕರೆ ಗದ್ದೆ ಇದ್ದವರು, ಕುರಿ ಕಾಯುವವರ ಎದುರು ಕುಳಿತು, ಹುಲಿ ಕಟ್ಟಿಸಿಕೊಂಡು, ಹತ್ತು ಜನರ ನಡುವೆ ಸೋಲು ಒಪ್ಪಿ ಎದ್ದು ಹೋಗುತ್ತಿದ್ದರು. ಸಂಜೆ ಅದೇ ಕುರಿಗಾಹಿ ಅವರ ಮನೆಯ ಅಂಗಳದಲ್ಲಿ ಕೈಕಟ್ಟಿ ನಿಂತು ಮಾತಾಡುತ್ತಿದ್ದ. ಆಟದ ಸಮಾನತೆ ಗೆರೆಯಿಂದ ಹೊರಗೆ ಬರಲಿಲ್ಲ, ನಿಜ. ಆದರೆ ಗೆರೆಯೊಳಗೆ ಅದು ಇತ್ತು, ಎಲ್ಲರೂ ನೋಡಿದ್ದರು. ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1972ರಲ್ಲಿ ಬಾಲಿ ದ್ವೀಪದ ಕೋಳಿ ಅಂಕದ ಬಗ್ಗೆ ಬರೆಯುತ್ತ, ಅಲ್ಲಿ ಪಣಕ್ಕಿಟ್ಟ ಹಣಕ್ಕಿಂತ ಮಾನ ದೊಡ್ಡದು, ಆ ಆಟ ಬಾಲಿಯವರು ತಮ್ಮ ಬಗ್ಗೆ ತಮಗೇ ಹೇಳಿಕೊಳ್ಳುವ ಕಥೆ ಎಂದ. ನಿಮ್ಮೂರ ಕಟ್ಟೆಯೂ ಅಂಥದೊಂದು ಕಥೆ ಹೇಳುತ್ತಿದೆ. ಅದರ ಸುತ್ತ ಕುಳಿತು ಸಲಹೆ ಕೊಡುವ, ತಪ್ಪು ನಡೆಗೆ ಹಣೆ ಚಚ್ಚಿಕೊಳ್ಳುವ, ಮಳೆಯ ಮಾತು, ಭತ್ತದ ದರ, ಮದುವೆಯ ಮಾತು ನಡುನಡುವೆ ತರುವ ಹಿರಿಯರನ್ನು ಒಂದು ದಿನ ಕುಳಿತು ಕೇಳಿ.

ಆದರೆ ಕಟ್ಟೆಯ ಕಥೆಯಲ್ಲಿ ಯಾರಿಲ್ಲ ಎಂಬುದನ್ನೂ ಹೇಳಬೇಕು. ಹೇಳದೆ ಹೋದರೆ ನಾನು ನಿಮಗೆ ಅರ್ಧ ಉತ್ತರ ಕೊಟ್ಟಂತಾಗುತ್ತದೆ. ನಾನು ಬೆಳೆದ ಊರಿನಲ್ಲಿ ಗುಡಿಯ ಕಟ್ಟೆಯನ್ನು ದಲಿತರು ಹತ್ತುವಂತಿರಲಿಲ್ಲ. ನನ್ನ ವಾರಗೆಯ ಒಬ್ಬ ಹುಡುಗ ಕೆಳಗೆ ನಿಂತು ಆಟ ನೋಡುತ್ತಿದ್ದ. ನೆಲದ ಮೇಲೆ ತನ್ನದೇ ಗೆರೆ ಎಳೆದು ಬೆಣಚುಕಲ್ಲು ಇಟ್ಟು ಮೇಲಿನ ಆಟವನ್ನು ಕೆಳಗೆ ಆಡುತ್ತಿದ್ದ. ಒಂದು ಸಲ ಮೇಲಿದ್ದವರು ದಾರಿ ಕಾಣದೆ ಕುಳಿತಾಗ ಅವನು ಅಲ್ಲಿಂದಲೇ ಸರಿಯಾದ ನಡೆ ಕೂಗಿ ಹೇಳಿದ. ಯಾರೂ ಅವನ ಕಡೆ ತಿರುಗಲಿಲ್ಲ. ಆದರೆ ಕುರಿಯನ್ನು ಅವನು ಹೇಳಿದ ಜಾಗದಲ್ಲೇ ಇಟ್ಟರು. ಐವತ್ತು ವರ್ಷವಾದರೂ ನನಗೆ ಅದು ಮರೆಯದು.

ನಮ್ಮಲ್ಲಿ "ಆಟಕ್ಕುಂಟು ಲೆಕ್ಕಕ್ಕಿಲ್ಲ" ಎಂಬ ಗಾದೆ ಇದೆಯಲ್ಲ, ಅದು ಹುಟ್ಟಿದ್ದು ಪ್ರೀತಿಯಿಂದ. ಲಗೋರಿ ಆಡುವಾಗ ಅಕ್ಕನ ಲಂಗ ಹಿಡಿದು ಬಂದ ನಾಲ್ಕು ವರ್ಷದ ಕೂಸನ್ನು ಬಿಡುವಂತಿಲ್ಲ, ಸೇರಿಸಿಕೊಂಡರೆ ಆ ಪಕ್ಷ ಸೋಲುತ್ತದೆ. ಆಗ ಮಕ್ಕಳೇ ಕಂಡುಕೊಂಡ ದಾರಿ ಇದು. ಕೂಸು ಓಡಬಹುದು, ಚೆಂಡು ಎಸೆಯಬಹುದು, ಕೂಗಬಹುದು, ಆದರೆ ಅದು ಔಟಾದರೆ ಲೆಕ್ಕವಿಲ್ಲ. ಎರಡು ವರ್ಷ ಕಳೆದರೆ ಲೆಕ್ಕಕ್ಕೂ ಬರುತ್ತದೆ. ದೊಡ್ಡವರ ಲೋಕಕ್ಕೆ ಬಂದಾಗ ಈ ಮಾತು ಕಹಿಯಾಯಿತು. ಗಂಡನೇ ಬಂದು ಕುರ್ಚಿಯಲ್ಲಿ ಕುಳಿತುಕೊಳ್ಳುವ ಪಂಚಾಯಿತಿ ಸದಸ್ಯೆಯ ಬಗ್ಗೆ ನಾವು ಇದೇ ಗಾದೆ ಹೇಳುತ್ತೇವೆ. ಕಟ್ಟೆಯ ಕೆಳಗೆ ನಿಂತ ಆ ಹುಡುಗನಿಗಂತೂ ಗಾದೆಯನ್ನೇ ತಿರುಗಿಸಬೇಕು. ಅವನಿಗೆ ಲೆಕ್ಕ ಗೊತ್ತಿತ್ತು, ಆಟವಿರಲಿಲ್ಲ. ಒಂದು ಊರಿನ ಆಟದಲ್ಲಿ ಯಾರು ಕುಳಿತಿದ್ದಾರೆ, ಯಾರು ನಿಂತಿದ್ದಾರೆ, ಯಾರ ನಡೆ ಎಣಿಕೆಗೆ ಬರುತ್ತದೆ ಎಂದು ನೋಡಿದರೆ ಆ ಊರಿನ ಬಗ್ಗೆ ಜನಗಣತಿಯೂ ಹೇಳದ ಸಂಗತಿ ತಿಳಿಯುತ್ತದೆ.

ನೀವೂ ಆ ಕಟ್ಟೆಯ ಮೇಲೆ ಕುಳಿತು ಆಡಿಲ್ಲ ಎಂದು ನಾನು ಊಹಿಸುತ್ತೇನೆ. ಹೆಂಗಸರ ಆಟ ಪಡಸಾಲೆಯಲ್ಲಿತ್ತು. ಅಳಗುಳಿ ಮನೆ ಇತ್ತು, ನಮ್ಮ ಕಡೆ ಚಕ್ಕಾ ಎಂದೂ ಕರೆಯುವ ಚೌಕಾಬಾರ ಇತ್ತು. ಚೌಕಾಬಾರಕ್ಕೆ ಕವಡೆ ಇಲ್ಲದ ಮನೆಯಲ್ಲಿ ಹುಣಸೆಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಬದಿ ಬೆಳ್ಳಗೆ ಮಾಡಿಕೊಂಡರೆ ಸಾಕಿತ್ತು. ನಾಲ್ಕೂ ಬೀಜ ಬೆಳ್ಳಗೆ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪಗೆ ಬಿದ್ದರೆ ಎಂಟು. ಬೀಜಗಳು ಎರಡೂ ಬದಿಗೆ ಸಮನಾಗಿ ಬೀಳುವಂತಿದ್ದರೆ, ಈ ಎರಡು ಗರಗಳಲ್ಲಿ ಪ್ರತಿಯೊಂದೂ ಬೀಳುವ ಸಾಧ್ಯತೆ 16ರಲ್ಲಿ 1. ಎರಡು ಬೀಳುವ ಸಾಧ್ಯತೆ 16ರಲ್ಲಿ 6. ಅಕ್ಷರ ಬಾರದ ನನ್ನ ಅಜ್ಜಿ ಈ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದಳು, ಶತ್ರುವಿನ ಕಾಯಿಗಿಂತ ಎರಡು ಮನೆ ಮುಂದೆ ತನ್ನ ಕಾಯಿಯನ್ನು ಎಂದೂ ನಿಲ್ಲಿಸುತ್ತಿರಲಿಲ್ಲ.

ಚೌಕಾಬಾರದ ಮಾತುಗಳನ್ನು ಕೇಳಿದ್ದೀರಲ್ಲ? ಸುತ್ತುತ್ತಿರುವಷ್ಟು ಹೊತ್ತು ಅದು ಕಾಯಿ. ನಡುಮನೆ ಸೇರಿದರೆ ಹಣ್ಣಾಯಿತು. ಎಷ್ಟೋ ಮನೆಗಳಲ್ಲಿ ಇನ್ನೊಂದು ನಿಯಮವೂ ಇದೆ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ತವರು ಬಿಟ್ಟು ಬಂದ ಸೊಸೆ, ಅತ್ತೆ, ನಾದಿನಿ, ನೆರೆಮನೆಯ ಅಕ್ಕ ನಾಲ್ಕು ದಿಕ್ಕಿಗೆ ಕುಳಿತು ಒಬ್ಬರ ಕಾಯಿಯನ್ನು ಒಬ್ಬರು ಹೊಡೆಯುತ್ತ ಹಣ್ಣಾಗಲು ಹೊರಟ ಆ ಚಿತ್ರವನ್ನು ನೆನೆಯಿರಿ. ಅತ್ತೆಯ ಕಾಯಿಯನ್ನು ಹೊಡೆದು ಗಟ್ಟಿಯಾಗಿ ನಗಲು ಹೊಸ ಸೊಸೆಗೆ ಬೇರೆಲ್ಲಿ ಅನುಮತಿ ಇತ್ತು? ಯಾವ ಪಂಡಿತರೂ ಆ ಪದಗಳನ್ನು ಇಟ್ಟುಕೊಡಲಿಲ್ಲ. ಆಡುವ ಹೆಂಗಸರೇ ತಮ್ಮ ಬಾಳಿನಿಂದ ಎತ್ತಿಕೊಂಡರು.

ಹಬ್ಬದ ಆಟಗಳ ಬಗ್ಗೆ ಎರಡು ಮಾತು. ಕಾರಹುಣ್ಣಿಮೆಯಲ್ಲಿ ಎತ್ತುಗಳನ್ನು ಓಡಿಸಿ ಕರಿ (ದಾರಿಗೆ ಅಡ್ಡ ಕಟ್ಟಿದ ತೋರಣ) ಹರಿಯುವಾಗ ಬಿಳಿ ಎತ್ತು ಮುಂದಾದರೆ ಹಿಂಗಾರಿನ ಬಿಳಿಜೋಳ ಚೆನ್ನ, ಕೆಂದ ಎತ್ತು ಮುಂದಾದರೆ ಮುಂಗಾರಿನ ಬೆಳೆ ಚೆನ್ನ ಎಂದು ಬಹಳ ಊರುಗಳಲ್ಲಿ ಹೇಳುತ್ತಾರೆ. ಅದು ಓಟವೂ ಹೌದು, ಕಣಿಯೂ ಹೌದು. ಮಳೆ ತನ್ನ ಕೈಯಲ್ಲಿಲ್ಲ ಎಂದು ತಿಳಿದ ರೈತ ವರ್ಷದ ಭಯವನ್ನು ಒಂದು ಸಂಜೆಯ ಆಟಕ್ಕೆ ಇಳಿಸಿ ಎದುರು ನಿಲ್ಲಿಸಿಕೊಳ್ಳುತ್ತಾನೆ. ಅದೇ ದಿನಗಳಲ್ಲಿ ರಾಯಚೂರಿನಲ್ಲಿ ಎತ್ತುಗಳು ಟನ್ನುಗಟ್ಟಲೆ ಭಾರದ ಕಲ್ಲು ಎಳೆಯುವ ಸ್ಪರ್ಧೆ ನೋಡಲು ಊರೇ ಸೇರುತ್ತದೆ. ಪಂಚಮಿಯಲ್ಲಿ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿಯಲ್ಲಿ ಮುಗಿಲಿನತ್ತ ಜೀಕುವುದನ್ನು ಕಂಡವರಿಗೆ ಅದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಪಂಚಮಿಯ ನಿಂಬೆಹಣ್ಣು ಎಸೆಯುವ ಪಂದ್ಯಕ್ಕೆ ಗಂಡಸರು ಹಣ ಕಟ್ಟುವುದೂ ಉಂಟು. ಆಟ ಎಲ್ಲಿ ಜೂಜಾಗುತ್ತದೆ ಎಂಬ ಅನುಮಾನ ನಮ್ಮ ಜನಕ್ಕೆ ಪಗಡೆಯ ಕಾಲದಿಂದಲೂ ಇದೆ. ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು, ನಾನು ಅದನ್ನು ಸ್ವಾಗತಿಸಿದವನು. ಮೊಬೈಲಿನ ಆ ಜೂಜಿನಲ್ಲಿ ಎದುರು ಕುಳಿತವನ ಮುಖವಿಲ್ಲ, "ಇವತ್ತಿಗೆ ಸಾಕು, ಏಳು" ಎನ್ನುವ ಕಟ್ಟೆಯ ಹಿರಿಯನಿಲ್ಲ. ಸೋತವನ ಜೊತೆ ಯಾರೂ ಮನೆಯ ತನಕ ನಡೆದು ಬರುವುದಿಲ್ಲ.

ಇನ್ನು ನೀವು ಮಾಡಬೇಕಾದ ಕೆಲಸ. ಸಮಿತಿಯವರ ಮೇಲೆ ಹರಿಹಾಯಬೇಡಿ, ಅವರೂ ಗುಡಿ ಚೆಂದವಾಗಲಿ ಎಂದೇ ಹೊರಟವರು. ಕಟ್ಟೆ ಪೂರ್ತಿ ಹಾಗೆಯೇ ಇರಲಿ ಎನ್ನುವುದಕ್ಕಿಂತ, ಗೆರೆ ಇರುವ ಚಪ್ಪಡಿಯಷ್ಟು ಜಾಗ ಬಿಟ್ಟು ಸುತ್ತ ಗ್ರಾನೈಟ್ ಕೂರಿಸಿ ಎಂದು ಕೇಳಿ. ಕಲ್ಲಿನ ಕೆಲಸದವರಿಗೆ ಅದು ಕಷ್ಟವಲ್ಲ, ಅಂಚಿನಲ್ಲಿ ಮಟ್ಟ ಸರಿ ಮಾಡಿದರೆ ಮಳೆನೀರೂ ನಿಲ್ಲುವುದಿಲ್ಲ. ಕಿತ್ತು ಗೋಡೆಗೆ ಒರಗಿಸುತ್ತೇವೆ ಎಂದರೆ ಒಪ್ಪಬೇಡಿ, ನಿಂತ ಕಲ್ಲಿನ ಮೇಲೆ ಕುರಿ ಇಡಲಾಗದು. ಗೆರೆ ಎದ್ದು ಕಾಣಲೆಂದು ಬಣ್ಣ ತುಂಬಲು, ಉಳಿ ಹಿಡಿದು ಮತ್ತೆ ಕೊರೆಯಲು ಬಿಡಬೇಡಿ. ನೀರಿನಲ್ಲಿ ತೊಳೆದರೆ ಸಾಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಟ್ಟು ಫೋಟೊ ತೆಗೆಯಿರಿ. ಹಗಲಲ್ಲಿ ಕಾಣದ ಸವೆದ ಗೆರೆ, ಪಕ್ಕದಲ್ಲಿ ಇನ್ನೊಂದು ಆಟದ ಮನೆ ಕೂಡ ಆಗ ಕಾಣಬಹುದು.

ಅದಕ್ಕಿಂತ ಅವಸರದ ಕೆಲಸ ಆಡುವವರ ಮಾತುಗಳನ್ನು ಬರೆದುಕೊಳ್ಳುವುದು. ಹುಲಿ ಕಟ್ಟುಬಿದ್ದಾಗ ಅವರು ಏನೆನ್ನುತ್ತಾರೆ, ಎಷ್ಟು ಕುರಿ ತಿಂದರೆ ಹುಲಿ ಗೆದ್ದಂತೆ, ನೆತ್ತಿಯ ಸ್ಥಾನಕ್ಕೆ ಹೆಸರೇನು, ಯಾರಿಂದ ಕಲಿತರು, ಇವೆಲ್ಲ ಊರಿಂದೂರಿಗೆ ಬೇರೆಯಾಗುತ್ತವೆ. ಕಲ್ಲು ಇನ್ನೂ ನೂರು ವರ್ಷ ಇರುತ್ತದೆ, ನಿಮ್ಮ ಮಾವನವರ ಸರೀಕರಿಗೆ ಈಗಲೇ ವಯಸ್ಸಾಗಿದೆ. ಕೇಳುವಾ ಎಂದು ಹೋದರೆ ಅವರು ಹೇಳಲಿಕ್ಕಿಲ್ಲ. ಎದುರು ಕುಳಿತು ಆಡಿದರೆ ತಾವಾಗಿಯೇ ಹೇಳುತ್ತಾರೆ. ಮೊದಲ ಆಟಕ್ಕೆ ಕುರಿಯ ಪಕ್ಷ ಕೇಳಿ ತೆಗೆದುಕೊಳ್ಳಿ, ಮೊದಲ ಕೆಲವು ಕುರಿಗಳನ್ನು ಹೊರ ಅಂಚಿನಲ್ಲಿ, ಹುಲಿ ಹಾರಲಾಗದ ಸ್ಥಾನಗಳಲ್ಲೇ ಇಡಿ. ನಿಮ್ಮ ಕಲ್ಲಿನಲ್ಲಿ 23 ಸ್ಥಾನಗಳಿವೆಯೋ, ಬೇರೆ ಸಂಖ್ಯೆ ಇದೆಯೋ ಎಣಿಸಿ ನನಗೆ ಬರೆಯಿರಿ.